ಕಪ್ಪು ಶಾಯಿಯಲ್ಲಿ ತವರುಮನೆ

ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮಹಿಳೆಯೊಬ್ಬರ ಕೈಗೆ ಕಾಗದ ಪೆನ್ಸಿಲು ಕೊಟ್ಟು, ನಿಮ್ಮ ತವರುಮನೆಯ ನಕ್ಷೆ ಬರೆಯಿರಿ ಎಂದು ಹೇಳಿ ನೋಡಿ. ಚಿತ್ರ ಬಿಡಿಸಲು ಬಾರದವರೂ ಬರೆಯುತ್ತಾರೆ. ಇಲ್ಲಿ ಜಗಲಿ, ಇಲ್ಲಿ ಚಾವಡಿ, ಅದಕ್ಕೆ ತಾಗಿ ಉಮ್ಮನ ಕೋಣೆ, ಅಡುಗೆಮನೆಯ ಹಿಂಬಾಗಿಲು ತೆರೆದರೆ ಬಾವಿಕಟ್ಟೆ, ಅದರಾಚೆ ಕೊಟ್ಟಿಗೆ. ಉದ್ದಗಲ ತಪ್ಪಬಹುದು. ಯಾವ ಕಿಟಕಿಯಿಂದ ಯಾವ ಹೊತ್ತಿಗೆ ಬಿಸಿಲು ಒಳಗೆ ಬರುತ್ತಿತ್ತು ಎಂಬುದು ಮಾತ್ರ ತಪ್ಪುವುದಿಲ್ಲ. ಆ ಮನೆ ಈಗಲೂ ಇರಬೇಕೆಂದಿಲ್ಲ. ಪಾಲಾಗಿ ಪರರ ಕೈ ಸೇರಿರಬಹುದು, ಹಂಚಿನ ಮಾಡು ಇಳಿಸಿ ಟೆರೇಸು ಹಾಕಿರಬಹುದು. ಬಂಟ್ವಾಳದ ಹಿರಿಯರಿಗೆ 1974ರ ನೇತ್ರಾವತಿ ನೆರೆ ಇನ್ನೂ ನೆನಪಿದೆ. ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಕಡೆಯವರು 2019ರ ಆಗಸ್ಟ್ ತಿಂಗಳನ್ನು ಮರೆತಿಲ್ಲ. ನೀರು ಕೊಂಡೊಯ್ದ ಮನೆಯ ನಕ್ಷೆಯನ್ನೂ ನಮ್ಮ ಹೆಂಗಸರು ತಡವರಿಸದೆ ಬರೆಯಬಲ್ಲರು.

ಇಂಥದೇ ಒಂದು ನಕ್ಷೆಯನ್ನು ಬರೆದು, ಅದನ್ನೇ ಕಲೆಯನ್ನಾಗಿಸಿ, ಜಗತ್ತಿನ ದೊಡ್ಡ ಮ್ಯೂಸಿಯಮ್‌ಗಳ ಗೋಡೆಯವರೆಗೆ ಒಯ್ದವರು ಝರೀನಾ ಹಾಶ್ಮಿ. 1994ರಲ್ಲಿ ಅವರು ಲೋಹದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಇಳಿಸಿದ ಆ ಅಚ್ಚುಚಿತ್ರದ ಹೆಸರು 'ನನ್ನ ಮನೆ 1937–1958'. ಹೆಸರಿನಲ್ಲಿರುವ ಎರಡು ಇಸವಿಗಳನ್ನು ಗಮನಿಸಿ. 1937 ಅವರು ಹುಟ್ಟಿದ ವರ್ಷ, 1958 ಮದುವೆಯಾದ ವರ್ಷ. ಗೋರಿಕಲ್ಲಿನ ಮೇಲೆ ಬರೆದಂತಿರುವ ಆ ಎರಡು ಅಂಕಿಗಳ ನಡುವಿನ ಮನೆಗೆ ಮಾತ್ರ ಅವರು 'ನನ್ನ' ಎಂಬ ಮಾತನ್ನು ಬಳಸಿದರು. ಹೆಣ್ಣಿಗೆ ಯಾವುದು ತನ್ನ ಮನೆ ಎಂಬ ಹಳೆಯ ಪ್ರಶ್ನೆಯನ್ನು ಇಷ್ಟು ಕಡಿಮೆ ಗದ್ದಲದಲ್ಲಿ ಕೇಳಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಅಲೀಗಢದ ಹುಡುಗಿ

ಝರೀನಾ 1937ರ ಜುಲೈ 16ರಂದು ಅಲೀಗಢದಲ್ಲಿ ಹುಟ್ಟಿದರು. ತಂದೆ ಶೇಖ್ ಅಬ್ದುರ್ರಶೀದ್ ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮನೆಯ ತುಂಬ ಪುಸ್ತಕ. ಮಗಳು ಓದಿದ್ದು ಗಣಿತ, ಅದೂ ಅದೇ ವಿಶ್ವವಿದ್ಯಾನಿಲಯದಲ್ಲಿ, 1958ರಲ್ಲಿ ಪದವಿ. ಮುಂದೆ ಅವರ ಚಿತ್ರಗಳನ್ನು ನೋಡಿದವರಿಗೆ ಈ ಗಣಿತದ ಮಾತು ಮರೆಯದು. ಗೆರೆ, ಕೋನ, ಅಳತೆ ಇವು ಅವರ ಕೈಬಿಡಲೇ ಇಲ್ಲ.

ಅದೇ ವರ್ಷ ವಿದೇಶಾಂಗ ಸೇವೆಯಲ್ಲಿದ್ದ ಸಾದ್ ಹಾಶ್ಮಿಯವರೊಂದಿಗೆ ನಿಕಾಹ್ ಆಯಿತು. ಪತಿಗೆ ವರ್ಗವಾದಲ್ಲೆಲ್ಲ ಪತ್ನಿಯ ಪೆಟ್ಟಿಗೆಯೂ ಹೊರಡಬೇಕು. ಬ್ಯಾಂಕಾಕ್, ದಿಲ್ಲಿ, ಪ್ಯಾರಿಸ್, ಬಾನ್, ಟೋಕಿಯೋ. ಅತ್ತ 1950ರ ದಶಕದ ಕೊನೆಗೆ ತಂದೆ ತಾಯಿ ಪಾಕಿಸ್ತಾನದ ಕರಾಚಿಗೆ ಹೋಗಿ ನೆಲೆಸಿದರು. ಅಂದರೆ ಮದುವೆಯಾಗಿ ಮನೆ ಬಿಟ್ಟು ಬಂದ ಹುಡುಗಿಗೆ ಮರಳಿ ಹೋಗೋಣವೆಂದರೆ ತವರು ಬೇರೆ ದೇಶದಲ್ಲಿತ್ತು, ಹೋಗಲು ವೀಸಾ ಬೇಕಿತ್ತು.

ಇನ್ನೊಬ್ಬರಾಗಿದ್ದರೆ ಇಂಥ ಅಲೆದಾಟದಲ್ಲಿ ಕಲೆ ಕಳೆದುಹೋಗುತ್ತಿತ್ತು. ಝರೀನಾ ಹೋದ ಊರಿನಿಂದೆಲ್ಲ ಒಂದೊಂದು ಕಸುಬು ಕಲಿತರು. ಬ್ಯಾಂಕಾಕ್‌ನಲ್ಲಿ ಮರದ ಅಚ್ಚು ಕೆತ್ತುವುದನ್ನು, 1964ರಿಂದ 1967ರವರೆಗೆ ಪ್ಯಾರಿಸ್ಸಿನಲ್ಲಿ ಹೇಯ್ಟರ್ ಎಂಬ ಪ್ರಖ್ಯಾತ ಕಲಾವಿದರ ಕಾರ್ಯಾಗಾರದಲ್ಲಿ ಲೋಹದ ಅಚ್ಚನ್ನು, 1974ರಲ್ಲಿ ಟೋಕಿಯೋದ ತೋಶಿ ಯೋಶಿದಾ ಅವರ ಬಳಿ ಜಪಾನೀ ಮರದಚ್ಚಿನ ಸೂಕ್ಷ್ಮಗಳನ್ನು. ದಿಲ್ಲಿಯಲ್ಲಿದ್ದಾಗ ಎಂಜಿನ್ ಇಲ್ಲದ ಗ್ಲೈಡರ್ ವಿಮಾನ ಹಾರಿಸುವುದನ್ನೂ ಕಲಿತಿದ್ದರು! ಮನೆಯನ್ನು, ಊರನ್ನು, ನದಿಯನ್ನು ಮೇಲಿನಿಂದ ಕಂಡಂತೆ ಬರೆಯುವ ಅವರ ಕ್ರಮಕ್ಕೆ ಆ ಹಾರಾಟವೂ ಒಂದು ಕಾರಣವಿರಬೇಕು.

ಅಚ್ಚು ಎಂದರೇನು?

ಅಚ್ಚು ನಮಗೆ ಹೊಸದಲ್ಲ. ಬೆಲ್ಲಕ್ಕೆ ಅಚ್ಚಿದೆ, ಇಟ್ಟಿಗೆಗೆ ಅಚ್ಚಿದೆ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್‌ನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲೇ. ತಲಶ್ಶೇರಿ, ಪೊನ್ನಾನಿ, ತಿರೂರಂಗಾಡಿಯಿಂದ ಬರುತ್ತಿದ್ದ ಅರಬಿ-ಮಲಯಾಳಂ ಕಿತಾಬುಗಳು, ಮಾಲೆಗಳು ನಮ್ಮ ಅಜ್ಜಿಯಂದಿರ ಕಪಾಟಿನಲ್ಲಿದ್ದವು. ಮೊದಲ ಪುಟದ ಸುತ್ತ ಬಳ್ಳಿಯ ಅಂಚು, ಒಳಗೆ ಕಪ್ಪು ಅಕ್ಷರ. ಅದನ್ನು ಕಲೆ ಎಂದು ಯಾರೂ ಕರೆಯಲಿಲ್ಲ ಅಷ್ಟೆ.

ಕಲಾವಿದರ ಮರದಚ್ಚು ಹೀಗೆ: ಸಪಾಟಾದ ಹಲಗೆಯ ಮೇಲೆ ಚಿತ್ರ ಬರೆದು, ಬಿಳಿಯಾಗಿ ಉಳಿಯಬೇಕಾದ ಭಾಗವನ್ನೆಲ್ಲ ಸಣ್ಣ ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಎತ್ತರದಲ್ಲಿ ಉಳಿದ ಭಾಗಕ್ಕೆ ಶಾಯಿ ಉರುಳಿಸಿ, ಮೇಲೆ ಕಾಗದವಿಟ್ಟು ಉಜ್ಜಿದರೆ ಅಥವಾ ಒತ್ತಿದರೆ ಚಿತ್ರ. ಎಡ ಬಲ ಅದಲುಬದಲಾಗುವುದರಿಂದ ರಬ್ಬರ್ ಸ್ಟಾಂಪಿನಲ್ಲಿ ಇರುವಂತೆ ಎಲ್ಲವನ್ನೂ ತಿರುವು ಮಾಡಿ ಕೆತ್ತಬೇಕು. ಲೋಹದ ಅಚ್ಚಿನಲ್ಲಿ ಲೆಕ್ಕ ತಲೆಕೆಳಗು. ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದುತ್ತಾರೆ. ಗೀಚಿದಲ್ಲಿ ಆಮ್ಲ ತಿಂದು ತಗ್ಗಾಗುತ್ತದೆ. ಆ ತಗ್ಗಿನಲ್ಲಿ ನಿಂತ ಶಾಯಿಯನ್ನು ಒದ್ದೆ ಕಾಗದ ಒತ್ತಡದಲ್ಲಿ ಎತ್ತಿಕೊಳ್ಳುತ್ತದೆ. ಒಂದೇ ಅಚ್ಚಿನಿಂದ ಇಂತಿಷ್ಟೇ ಪ್ರತಿ ಎಂದು ಮೊದಲೇ ನಿರ್ಧರಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಸಹಿ ಮಾಡುವುದು ಪದ್ಧತಿ. ಉಳಿ ಜಾರಿದರೆ ಅಳಿಸುವಂತಿಲ್ಲ. ಅಡುಗೆಗೆ ಉಪ್ಪು ಹೆಚ್ಚಾದ ಹಾಗೆ.

ಬಣ್ಣ ಎಲ್ಲಿ ಹೋಯಿತು?

ಝರೀನಾರ ಚಿತ್ರಗಳನ್ನು ಮೊದಲ ಬಾರಿ ನೋಡಿದವರು ಕೇಳುವ ಪ್ರಶ್ನೆ ಇದು. ಪ್ಯಾರಿಸ್ಸಿನ ಅದೇ ಕಾರ್ಯಾಗಾರದಲ್ಲಿ ನಮ್ಮ ನೆರೆಯ ಚಿತ್ತೂರು ಜಿಲ್ಲೆಯ ಕೃಷ್ಣ ರೆಡ್ಡಿಯವರಿದ್ದರು (1925–2018). ಶಾಯಿಯ ಮಂದ, ತೆಳುಗಳ ವ್ಯತ್ಯಾಸವನ್ನು ಬಳಸಿ ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿದ್ಯೆಯನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಬಣ್ಣದ ಅಂಥ ಸಂತೆಯಲ್ಲಿ ಕಲಿತು ಝರೀನಾ ಕೊನೆಗೆ ಬಂದು ನಿಂತದ್ದು ಕಪ್ಪಿಗೆ. ಕಪ್ಪು ಶಾಯಿ, ಕಾಗದದ ಸ್ವಂತ ಬಣ್ಣ, ಅಪರೂಪಕ್ಕೊಮ್ಮೆ ಚಿನ್ನ.

ಇದು ಬಡತನವಲ್ಲ, ಆಯ್ಕೆ. ಅವರಿಗೆ ಕಾಗದವೇ ಒಂದು ಬಣ್ಣವಾಗಿತ್ತು. ಜಪಾನಿನ, ನೇಪಾಳದ, ನಮ್ಮ ದೇಶದ ಕೈಕಾಗದಗಳಲ್ಲಿ ಒಂದು ಹಾಲಿನ ಕೆನೆ, ಇನ್ನೊಂದು ಒಣ ಅಡಿಕೆ ಹಾಳೆ. ಅವುಗಳ ಮೇಲೆ ಕಪ್ಪು ಬೇರೆ ಬೇರೆ ಥರ ಕಾಣುತ್ತದೆ. 1980ರ ದಶಕದಲ್ಲಿ ಕಾಗದದ ಗಂಜಿಯನ್ನೇ ಅಚ್ಚಿಗೆ ಹೊಯ್ದು ಉಬ್ಬುಚಿತ್ರಗಳನ್ನು ಮಾಡಿದಾಗ ಕೆಮ್ಮಣ್ಣಿನಂಥ ಬಣ್ಣಗಳನ್ನು ಗಂಜಿಗೇ ಬೆರೆಸಿದರು. ಮೇಲೆ ಬಳಿದದ್ದಲ್ಲ, ಒಳಗಿನಿಂದ ಬಂದ ಬಣ್ಣ. (ನಮ್ಮ ಬೆಂಗಳೂರಿನ ರವಿಕುಮಾರ್ ಕಾಶಿಯವರೂ ಬರೋಡಾದಲ್ಲಿ ಅಚ್ಚುಚಿತ್ರ ಕಲಿತು, ಆಮೇಲೆ ಸ್ಕಾಟ್ಲೆಂಡ್ ಮತ್ತು ಕೊರಿಯಾದಲ್ಲಿ ಕಾಗದ ಮಾಡುವುದನ್ನು ಕಲಿತು, ಗಂಜಿಯಲ್ಲೇ ಕಲಾಕೃತಿ ರಚಿಸುತ್ತಾರೆ, ಕಲೆಯ ಬಗ್ಗೆ ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತಾರೆ ಕೂಡ.)

ಚಿನ್ನದ ಮಾತಿಗೆ ಬಂದರೆ, 2010ರ ಒಂದು ಕೃತಿಯಲ್ಲಿ ಜಪಾನೀ ಕಾಗದದ ಹಾಳೆಗೆ 22 ಕ್ಯಾರೆಟ್ ಚಿನ್ನದ ರೇಕು ಹಚ್ಚಿದ್ದಾರೆ. ನಮ್ಮ ಆಭರಣದಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ 916! ಅಲ್ಲಿ ಚಿನ್ನವೆಂದರೆ ಶ್ರೀಮಂತಿಕೆಯಲ್ಲ, ಬೆಳಕು, ನೂರ್. ದೊಡ್ಡ ಮಣಿಗಳನ್ನು ಪೋಣಿಸಿ 'ತಸ್ಬೀಹ್' ಎಂಬ ಹೆಸರಿನ ಶಿಲ್ಪಗಳನ್ನೂ ಮಾಡಿದರು. ನನಗೆ ಇವುಗಳಿಗಿಂತ ಹೆಚ್ಚು ಇಷ್ಟವಾಗುವುದು ಅವರ ಸೂಜಿಯ ಕೆಲಸ. 1970ರ ದಶಕದಲ್ಲಿ ಅವರು ಬಿಳಿ ಕಾಗದಕ್ಕೆ ಬೇರೆ ಬೇರೆ ಗಾತ್ರದ ಹೊಲಿಗೆ ಸೂಜಿಗಳಿಂದ ಚುಚ್ಚಿ ಚುಚ್ಚಿಯೇ ಚಿತ್ರಗಳ ಒಂದು ಸರಣಿ ಮಾಡಿದರು. ಶಾಯಿಯೂ ಇಲ್ಲ. ತೂತುಗಳ ಸಾಲು, ಅದರ ಸುತ್ತ ಕಾಗದ ಸ್ವಲ್ಪ ಉಬ್ಬಿ ಬೀಳುವ ನೆರಳು. ಸೂಜಿ ಹಿಡಿದ ಯಾವ ಕೈಗೂ ಅದು ಅರ್ಥವಾಗುತ್ತದೆ.

ಅವರ ಪ್ರೌಢ ಕೃತಿಗಳಲ್ಲಿ ಮನುಷ್ಯನ ಮುಖವಿಲ್ಲ, ಪ್ರಾಣಿ ಪಕ್ಷಿಗಳಿಲ್ಲ. ಇರುವುದು ವಿನ್ಯಾಸ. ಮೊಗಲರ ಕಟ್ಟಡಗಳ ಜಾಲರಿಯಲ್ಲಿ ಒಂದು ಚೌಕ, ಒಂದು ಷಟ್ಕೋನ ಮತ್ತೆ ಮತ್ತೆ ಬಂದು ಗೋಡೆಯೇ ಬೆಳಕಿನ ಪರದೆಯಾಗುತ್ತದಲ್ಲ, ಆ ಪರಂಪರೆ ಅವರದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಜನ ಹೇಳುತ್ತಾರೆ. ಜಾಲರಿಯ ಸೊಗಸು ಇದಕ್ಕೆ ಸರಿಯಾಗಿ ಎದುರು. ಎಲ್ಲವೂ ಒಂದೇ ಅಳತೆ, ಒಂದೇ ಲೆಕ್ಕ. ಆ ಲೆಕ್ಕದಲ್ಲಿ ಎಲ್ಲಾದರೂ ಒಂದು ಗೆರೆ ಮುರಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಝರೀನಾ ಬಹಳಷ್ಟು ಹೇಳಿದ್ದು ಹೀಗೆ ಮುರಿದ ಗೆರೆಗಳಲ್ಲಿ.

ಗೆರೆ ಎಳೆದವರು, ಗೆರೆ ದಾಟಿದವರು

1947ರಲ್ಲಿ ಝರೀನಾಗೆ ಹತ್ತು ವರ್ಷ. ಅದಕ್ಕೆ ಮುಂಚೆ ಭಾರತವನ್ನೇ ಕಾಣದಿದ್ದ ರ‍್ಯಾಡ್‌ಕ್ಲಿಫ್ ಎಂಬ ಇಂಗ್ಲಿಷ್ ವಕೀಲರು ಆ ಜುಲೈಯಲ್ಲಿ ಬಂದು ಸುಮಾರು ಐದು ವಾರಗಳಲ್ಲಿ ಎರಡು ದೇಶಗಳ ಗಡಿ ಗೀಚಿ ಕೊಟ್ಟರು. ಅದು ಪ್ರಕಟವಾದದ್ದು ಸ್ವಾತಂತ್ರ್ಯ ಬಂದ ಮೇಲೆ, ಆಗಸ್ಟ್ 17ರಂದು. ಆ ಗೆರೆಯನ್ನೇ ಝರೀನಾ 2001ರಲ್ಲಿ ಮರದಲ್ಲಿ ಕೆತ್ತಿದರು. ಹೆಸರು 'ವಿಭಜಿಸುವ ಗೆರೆ'. ಖಾಲಿ ಕಾಗದದ ನಡುವೆ ಅಂಕುಡೊಂಕಾದ ಒಂದು ಕಪ್ಪು ಗೆರೆ, ಬೇರೇನೂ ಇಲ್ಲ.

ಮರದಚ್ಚಿನ ಕ್ರಮವನ್ನು ಮೇಲೆ ಇಷ್ಟು ವಿವರವಾಗಿ ಹೇಳಿದ್ದು ಇದಕ್ಕಾಗಿಯೇ. ಗೆರೆ ಕಪ್ಪಾಗಿ ಉಳಿಯಬೇಕಾದರೆ ಗೆರೆಯನ್ನು ಕೆತ್ತುವಂತಿಲ್ಲ, ಉಳಿದುದನ್ನೆಲ್ಲ ಕೆತ್ತಿ ಎಸೆಯಬೇಕು. ಆಚೆಯ ನೆಲ, ಈಚೆಯ ನೆಲ, ಊರು, ಹೊಲ, ನದಿ ಎಲ್ಲ ಮರದ ಚೂರಾಗಿ ಕೆಳಗೆ ಬಿದ್ದ ಮೇಲೆ ಗಡಿಯೊಂದೇ ನಿಲ್ಲುತ್ತದೆ. ಗಡಿ ಎಂಬ ವ್ಯವಸ್ಥೆ ಕೆಲಸ ಮಾಡುವ ಬಗೆಯೂ ಇದೇ ಅಲ್ಲವೇ? ಭಾಷಣ ಬೇಕಾಗಿಲ್ಲ, ಉಳಿ ಓಡಿದ ದಿಕ್ಕೇ ಎಲ್ಲವನ್ನೂ ಹೇಳುತ್ತದೆ.

ನಮ್ಮ ಕಡೆಯೂ ಗೆರೆ ಬಿದ್ದದ್ದುಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಮಂಗಳೂರು ಇತ್ತ ಉಳಿಯಿತು. ದೇಶ ವಿಭಜನೆಯಲ್ಲಿ ಹರಿದಂತೆ ರಕ್ತ ಹರಿಯಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಬಂಧುಗಳು ಎರಡೂ ಕಡೆ ಇದ್ದೇ ಇದ್ದಾರೆ, ಬಸ್ಸು ಓಡುತ್ತದೆ. ಆದರೆ ಶಾಲೆಯ ಭಾಷೆ, ಕಚೇರಿಯ ಅರ್ಜಿ ಬದಲಾದವು. ಆ ಕಾಸರಗೋಡಿನಲ್ಲಿ ಝರೀನಾಗಿಂತ ಒಂದು ವರ್ಷ ಮೊದಲು, 1936ರಲ್ಲಿ, ಹುಟ್ಟಿದವರು ನಮ್ಮ ಸಾರಾ ಅಬೂಬಕರ್. ತವರಿಗೂ ಗಂಡನ ಮನೆಗೂ ನಡುವೆ ಹರಿಯುವ ನದಿಯನ್ನೇ ಗಡಿಯಾಗಿ ಕಂಡು 'ಚಂದ್ರಗಿರಿಯ ತೀರದಲ್ಲಿ' ಬರೆದರು. ಈ ಇಬ್ಬರು ಒಬ್ಬರನ್ನೊಬ್ಬರು ಬಲ್ಲವರಲ್ಲ. ಒಬ್ಬರದು ಉರ್ದು, ಒಬ್ಬರದು ಕನ್ನಡ. ಹೆಣ್ಣು ದಾಟಬೇಕಾದ ಗೆರೆಗಳ ವಿಷಯ ಬಂದಾಗ ಮಾತ್ರ ಇಬ್ಬರೂ ಒಂದೇ ಮನೆಯವರಂತೆ ಕಾಣುತ್ತಾರೆ.

2003ರಲ್ಲಿ ಝರೀನಾ ಒಂಬತ್ತು ನಗರಗಳ ನಕ್ಷೆಗಳನ್ನು ಕೆತ್ತಿದರು. ಗ್ರೋಝ್ನಿ, ಸರಾಯೆವೊ, ಸ್ರೆಬ್ರೆನಿತ್ಸಾ, ಬೈರೂತ್, ಜೆನಿನ್, ಬಗ್ದಾದ್, ಕಾಬೂಲ್, ಅಹ್ಮದಾಬಾದ್, ನ್ಯೂಯಾರ್ಕ್. ಪಟ್ಟಿಯ ಕೊನೆಯ ಹೆಸರನ್ನು ಬಿಡದೆ ಸೇರಿಸಿದ್ದು ಅವರ ದೊಡ್ಡತನ. ಸತ್ತವರ ಧರ್ಮ ನೋಡಿ ಅಳುವ ಕಣ್ಣು ಅವರದಲ್ಲ. ಶವಗಳಿಲ್ಲ, ಬೆಂಕಿಯಿಲ್ಲ. ರಸ್ತೆಗಳು, ನದಿಗಳು, ಕಪ್ಪು.

ಇತ್ತ ಅವರ ಸ್ವಂತ ಬದುಕಿನಲ್ಲೂ ಮನೆಗಳ ಲೆಕ್ಕ ಬೆಳೆಯುತ್ತಲೇ ಇತ್ತು. 1976ರಲ್ಲಿ ನ್ಯೂಯಾರ್ಕಿಗೆ ಬಂದರು. ಮರುವರ್ಷ ಪತಿ ತೀರಿಕೊಂಡರು. ನಲವತ್ತರ ವಿಧವೆ, ಪರದೇಶ. ಅಲ್ಲಿಯೇ ನಿಂತು ದುಡಿದರು. ಮಹಿಳಾ ಕಲಾವಿದರ ಸಂಸ್ಥೆಯೊಂದರಲ್ಲಿ ಕಾಗದ ಮಾಡುವುದನ್ನು ಕಲಿಸಿದರು, ಮಹಿಳೆಯರ ಕಲಾಪತ್ರಿಕೆಯೊಂದರ ಸಂಪಾದಕ ಬಳಗದಲ್ಲಿದ್ದರು. ಅಮೆರಿಕದ ಮಹಿಳಾ ಚಳವಳಿಯೊಳಗೂ ಬಿಳಿಯರಲ್ಲದ ಹೆಂಗಸರಿಗೆ ಜಾಗ ಕಡಿಮೆ ಎಂಬುದು ಅವರಿಗೆ ಅಲ್ಲಿ ತಿಳಿಯಿತು. 1980ರಲ್ಲಿ ಕ್ಯೂಬಾ ಮೂಲದ ಆನಾ ಮೆಂಡಿಯೆಟಾ, ಜಪಾನಿನ ಕಜುಕೋ ಮಿಯಾಮೊಟೊ ಇವರ ಜತೆಗೂಡಿ, ಅಮೆರಿಕದಲ್ಲಿರುವ ಮೂರನೆಯ ಜಗತ್ತಿನ ಮಹಿಳಾ ಕಲಾವಿದರ ಪ್ರದರ್ಶನವನ್ನು ಏರ್ಪಡಿಸಿದರು. 1997ರಲ್ಲಿ ತಾನು ಸಂಸಾರ ಹೂಡಿದ ಮನೆಗಳ ನಕ್ಷೆಗಳನ್ನು ಒಂದೊಂದಾಗಿ ಲೋಹದಲ್ಲಿ ಕೊರೆದರು. ಅದಕ್ಕಿಟ್ಟ ಹೆಸರು 'ನಾನು ಮಾಡಿದ ಮನೆಗಳು, ಒಂಬತ್ತು ಗೆರೆಗಳಲ್ಲಿ ಒಂದು ಬದುಕು'. ಸರಕಾರ ಕೊಟ್ಟ ಬಾಡಿಗೆ ಮನೆಗೂ ಪರದೆ ಕಟ್ಟಿ, ಪಾತ್ರೆ ಜೋಡಿಸಿ ಅದನ್ನು ಮನೆಯನ್ನಾಗಿಸುವ ಕೆಲಸವನ್ನು ಯಾರೂ ಸೇವಾ ಪುಸ್ತಕದಲ್ಲಿ ಬರೆಯುವುದಿಲ್ಲ. ಝರೀನಾ ಬರೆದಿಟ್ಟರು.

ಕೀರ್ತಿ ಬಂದದ್ದು ತಡವಾಗಿ. 2011ರ ವೆನಿಸ್ ಕಲಾ ಪ್ರದರ್ಶನದಲ್ಲಿ ಭಾರತದ ಮಂಟಪದಲ್ಲಿ ಅವರ ಕೃತಿಗಳಿದ್ದವು, ಆಗ ಅವರಿಗೆ 74. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ, 2013ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್‌ನಲ್ಲಿ ಅವರ ಬದುಕಿನ ಇಡೀ ಕೆಲಸದ ಪ್ರದರ್ಶನ ನಡೆಯಿತು. 2020ರ ಏಪ್ರಿಲ್ 25ರಂದು, ರಮಝಾನ್ ತಿಂಗಳ ಮೊದಲ ದಿನಗಳಲ್ಲಿ, ಲಂಡನ್ನಿನಲ್ಲಿ ಇಹಲೋಕ ತ್ಯಜಿಸಿದರು. ಕಾಡಿದ ಕಾಯಿಲೆ ನೆನಪನ್ನೇ ಕಸಿಯುವ ಆಲ್‌ಝೈಮರ್ಸ್.

ಅಂಚೆಗೆ ಬೀಳದ ಪತ್ರಗಳು

ಅವರ ಕೃತಿಗಳಲ್ಲಿ ಹೆಚ್ಚು ಹೆಸರಾದದ್ದು 1999ರ 'ಮನೆಯೆಂಬುದು ಪರದೇಶ'. 36 ಮರದಚ್ಚುಗಳು. ಪ್ರತಿಯೊಂದರ ಕೆಳಗೆ ಒಂದು ಉರ್ದು ಪದ: ಮನೆ, ಹೊಸ್ತಿಲು, ಬಾಗಿಲು, ಅಂಗಳ, ಮಧ್ಯಾಹ್ನ, ಬಿಸಿಗಾಳಿ, ಮಳೆ, ಭಾಷೆ, ದೂರ... ಪದಗಳನ್ನು ಪಾಕಿಸ್ತಾನಕ್ಕೆ ಕಳುಹಿಸಿ, ಅಲ್ಲಿಯ ಕೈಬರಹ ನಿಪುಣರಿಂದ ನಸ್ತಲೀಕ್ ಲಿಪಿಯಲ್ಲಿ ಬರೆಸಿ ತರಿಸಿಕೊಂಡರು. ಪದ ಮೊದಲು, ಚಿತ್ರ ಆಮೇಲೆ. ತನ್ನ ನಂತರದವರಿಗೆ ಈ ಪದಗಳು ಓದಲು ಬಾರದು ಎಂಬ ಭಯ ಅವರಿಗಿತ್ತು. ಉರ್ದುವಿನ ಕಥೆ ಉರ್ದುವಿನವರಿಗಿರಲಿ, ನಮ್ಮ ಬ್ಯಾರಿ ಮಾತಿನಲ್ಲಿ ಹಳೆಯ ಮನೆಯ ಮೂಲೆ ಮೂಲೆಗಿದ್ದ ಹೆಸರುಗಳಲ್ಲಿ ಎಷ್ಟನ್ನು ಮಕ್ಕಳು ಬಲ್ಲರು? ಹಾಲ್, ಕಿಚನ್, ಬೆಡ್‌ರೂಮ್ ಎಂದರೆ ಫ್ಲ್ಯಾಟಿನ ನಕ್ಷೆ ಮುಗಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು, 2004ರ 'ಮನೆಯಿಂದ ಬಂದ ಪತ್ರಗಳು'. ಝರೀನಾರ ಅಕ್ಕ ರಾಣಿ ಕರಾಚಿಯಲ್ಲಿದ್ದರು. ತಂಗಿ ಪರದೇಶದಲ್ಲಿ. ಅಕ್ಕ ಪತ್ರ ಬರೆಯುತ್ತಿದ್ದರು, ಆದರೆ ಅಂಚೆಗೆ ಹಾಕುತ್ತಿರಲಿಲ್ಲ. ತಂದೆ ತಾಯಿಯ ಮರಣ, ಮನೆ ಮಾರಿದ್ದು, ಮಕ್ಕಳು ದೂರವಾದದ್ದು, ತಂಗಿ ಹತ್ತಿರವಿಲ್ಲದ ಸಂಕಟ. ದೂರದಲ್ಲಿರುವವಳ ಮನಸ್ಸು ನೋಯಿಸುವುದೇಕೆ ಎಂದಿರಬೇಕು. ಎಷ್ಟೋ ವರ್ಷಗಳ ಮೇಲೆ ಭೇಟಿಯಾದಾಗ ಆ ಪತ್ರಗಳು ತಂಗಿಯ ಕೈ ಸೇರಿದವು.

ಗಲ್ಫ್‌ಗೆ ಹೋದವರ ಮನೆಗಳಲ್ಲಿ ಇದು ಹೇಳಿಕೊಡಬೇಕಾದ ವಿಷಯವಲ್ಲ. ಮೊಬೈಲ್ ಬರುವ ಮೊದಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಿಂದ ದಮ್ಮಾಮ್, ದುಬೈಗೆ ಹೋದ ಪತ್ರಗಳಲ್ಲಿ 'ಇಲ್ಲಿ ಎಲ್ಲರೂ ಕ್ಷೇಮ' ಎಂಬ ಸಾಲು ತಪ್ಪುತ್ತಿರಲಿಲ್ಲ. ಮಗುವಿಗೆ ಜ್ವರವಿದ್ದ ರಾತ್ರಿಯೂ ಕ್ಷೇಮವೇ. ಬರೆಯಲು ಬಾರದವರು ನೆರೆಮನೆಯ ಹುಡುಗಿಯಿಂದ ಬರೆಸುತ್ತಿದ್ದರು, ಹಾಗಾಗಿ ಬರೆಸಲಾಗದ ಮಾತುಗಳು ಬಾಯಲ್ಲೇ ಉಳಿದವು. ಕೆಲವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸಿದರು. ಬರೆದು, ಹರಿದು, ಒಲೆಗೆ ಹಾಕಿದವುಗಳ ಲೆಕ್ಕ ಯಾರಲ್ಲೂ ಇಲ್ಲ.

ರಾಣಿಯವರ ಪತ್ರಗಳನ್ನು ಝರೀನಾ ಅಕ್ಕನ ಕೈಬರಹದಲ್ಲೇ ಲೋಹದ ಅಚ್ಚಿಗಿಳಿಸಿದರು. ಉರ್ದು ಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಅವುಗಳ ಮೇಲೆ ಮರದಚ್ಚಿನಿಂದ ತೆಗೆದ ಮನೆಯ ನಕ್ಷೆ, ಊರಿನ ನಕ್ಷೆ. ಕೆಲವು ಹಾಳೆಗಳಲ್ಲಿ ಅಕ್ಷರಗಳನ್ನು ಸಲೀಸಾಗಿ ಓದಬಹುದು. ಕೆಲವು ಕಡೆ ಕಪ್ಪು ಅಷ್ಟು ದಟ್ಟವಾಗಿ ಬಿದ್ದಿದೆ, ಅದರಡಿಯಲ್ಲಿ ಅಕ್ಕ ಏನು ಬರೆದಿದ್ದರು ಎಂಬುದು ತಂಗಿಗೆ ಮಾತ್ರ ಗೊತ್ತು.